ಆರ್‌ಪಿಎಂ ಏರುತ್ತೆ, ಸ್ಪೀಡ್ ಬರಲ್ಲ: ಹಲ್ಲು ಎಣಿಸಿ ದೋಷ ಹಿಡಿದದ್ದು

ದೀಪಾವಳಿ ಕಳೆದ ಮೇಲಿನ ಭಾನುವಾರ ಅಕ್ಕನ ಮಗ ತುಮಕೂರಿನ ನಮ್ಮ ಮನೆ ಗೇಟಿನ ಮುಂದೆ ಗಾಡಿ ತಂದು ನಿಲ್ಲಿಸಿದ. ಕೆಟಿಎಂ ಆರ್‌ಸಿ 390, ಹಳೆಯ ಮಾದರಿ, 373 ಸಿಸಿಯದು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ಎರಡು ತಿಂಗಳಾಗಿತ್ತು. ಹೆಲ್ಮೆಟ್ ತೆಗೆಯುವ ಮೊದಲೇ ದೂರು ಶುರುವಾಯಿತು.

"ಮಾಮಾ, ಬರೀ ಕೂಗುತ್ತೆ, ಓಡಲ್ಲ."

ಅಷ್ಟರಲ್ಲಿ ಎರಡು ಗ್ಯಾರೇಜಿಗೆ ತೋರಿಸಿದ್ದ. ಒಬ್ಬರು ಚೈನ್ ಸೆಟ್ ಬದಲಾಯಿಸಬೇಕು ಅಂದಿದ್ದರು. ಇನ್ನೊಬ್ಬರು ಇಸಿಯು ರೀಮ್ಯಾಪ್ (ಇಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸುವುದು) ಮಾಡಿಸು ಅಂದಿದ್ದರು. ಎರಡಕ್ಕೂ ಸಾವಿರಗಟ್ಟಲೆ ದುಡ್ಡು ಬೇಕು. ಗಾಡಿ ಓಡಿಸಿ ನೋಡಿ ಲೆಕ್ಕ ಹಾಕಿದವರು ಮಾತ್ರ ಇಬ್ಬರಲ್ಲಿ ಒಬ್ಬರೂ ಇಲ್ಲ. ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಹಾಳೆ, ಪೆನ್ನು, ಅಳತೆ ಟೇಪು ತಗೋ ಅಂದೆ. ಅವನ ಮುಖ ನೋಡಬೇಕಿತ್ತು.

ಆ ಹಾಳೆಯಲ್ಲಿ ಬರೆದದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಗೇರ್ ಇರುವ ಯಾವ ಬೈಕಿಗಾದರೂ ಇದೇ ದಾರಿ.

ಜಾರುವುದು ಎರಡೇ ಕಡೆ

ಇಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಇರುವುದೆಲ್ಲ ಹಲ್ಲುಗಳು. ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟಿನ) ಗೇರು ಕ್ಲಚ್ಚಿನ ಗೇರನ್ನು ತಿರುಗಿಸುತ್ತದೆ. ಗೇರ್‌ಬಾಕ್ಸಿನಲ್ಲಿ ಒಂದು ಜೋಡಿ ಹಲ್ಲು ಕಚ್ಚಿಕೊಂಡಿರುತ್ತದೆ. ಆಮೇಲೆ ಮುಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ), ಚೈನು, ಹಿಂದಿನ ಸ್ಪ್ರಾಕೆಟ್. ಹಲ್ಲು ಹಲ್ಲಿಗೆ ಕಚ್ಚಿದ ಮೇಲೆ ಜಾರುವ ಮಾತೇ ಇಲ್ಲ. ಅಷ್ಟು ಸುತ್ತಿಗೆ ಇಷ್ಟು ಸುತ್ತು, ಅದು ಗಾಡಿ ಹುಟ್ಟಿದಾಗಲೇ ನಿಗದಿಯಾದದ್ದು.

ಜಾರಲು ಇರುವ ಜಾಗ ಎರಡೇ. ಒಂದು, ಕ್ಲಚ್ ಪ್ಲೇಟುಗಳ ನಡುವೆ. ಇನ್ನೊಂದು, ಟೈರು ಮತ್ತು ರಸ್ತೆಯ ನಡುವೆ. ಚೈನು ಸಡಿಲ ಆದ್ದರಿಂದ ಸ್ಪೀಡ್ ಕಮ್ಮಿ ಆಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಡಿಲ ಚೈನು ಶಬ್ದ ಮಾಡುತ್ತದೆ, ಜರ್ಕ್ ಹೊಡೆಯುತ್ತದೆ, ತೀರಾ ಹಾಳಾದರೆ ಹಲ್ಲು ಹಾರಿ ಟಕ್ ಅನ್ನುತ್ತದೆ. ಆದರೆ ಸದ್ದಿಲ್ಲದೆ ಸ್ಪೀಡ್ ತಿನ್ನುವುದಿಲ್ಲ.

ಹಾಗಾಗಿ ಈ ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಹಾಕುವ ಸುತ್ತಿಗೆ), ಈ ಗೇರಿನಲ್ಲಿ, ಇಷ್ಟೇ ವೇಗ ಬರಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಬಹುದು. ರಸ್ತೆಯಲ್ಲಿ ಬಂದ ವೇಗ ಅದಕ್ಕೆ ಹೊಂದದಿದ್ದರೆ, ಎಷ್ಟು ಹೊಂದಲಿಲ್ಲ ಅನ್ನುವುದಕ್ಕಿಂತ ಯಾವಾಗ ಹೊಂದಲಿಲ್ಲ ಅನ್ನುವುದನ್ನು ನೋಡಬೇಕು. ಎಲ್ಲ ಗೇರಿನಲ್ಲೂ, ನಿಧಾನಕ್ಕೆ ಹೋದರೂ ಜೋರಾಗಿ ಹೋದರೂ ಒಂದೇ ಪ್ರಮಾಣದಲ್ಲಿ ವ್ಯತ್ಯಾಸ ಇದ್ದರೆ ಯಾರೋ ಹಲ್ಲನ್ನೋ ಟೈರನ್ನೋ ಬದಲಾಯಿಸಿದ್ದಾರೆ, ಇಲ್ಲವೇ ಮೀಟರ್ ತಪ್ಪು ತೋರಿಸುತ್ತಿದೆ. ಜೋರಾಗಿ ಎಕ್ಸಲರೇಟರ್ ಕೊಟ್ಟಾಗ ಮಾತ್ರ ವ್ಯತ್ಯಾಸ ಬಂದರೆ ಅದು ಕ್ಲಚ್. ನಮ್ಮ ಹುಡುಗನ ಗಾಡಿಯಲ್ಲಿ ಎರಡೂ ಇದ್ದವು. ಅದಕ್ಕೇ ಎರಡು ಗ್ಯಾರೇಜಿಗೂ ಅದು ಸಿಕ್ಕಿರಲಿಲ್ಲ ಅನ್ನಿಸುತ್ತದೆ.

ಮ್ಯಾನುಯಲ್‌ನಿಂದ ಹಲ್ಲಿನ ಲೆಕ್ಕ

ಮ್ಯಾನುಯಲ್‌ನ ಕೊನೆಯಲ್ಲಿ ತಾಂತ್ರಿಕ ವಿವರದ ಪುಟ ಇರುತ್ತದೆ. ಈ ಗಾಡಿಗೆ ಅಲ್ಲಿರುವುದು ಹೀಗೆ: ಪ್ರೈಮರಿ, ಅಂದರೆ ಕ್ರ್ಯಾಂಕಿನ ಗೇರಿಗೆ ಕ್ಲಚ್ಚಿನ ಗೇರು, 30 ಹಲ್ಲಿಗೆ 80. ಸ್ಪ್ರಾಕೆಟ್ ಮುಂದೆ 15, ಹಿಂದೆ 45. ಗೇರುಗಳು 1ರಿಂದ 6ರವರೆಗೆ 12ಕ್ಕೆ 32, 14ಕ್ಕೆ 26, 19ಕ್ಕೆ 27, 21ಕ್ಕೆ 24, 23ಕ್ಕೆ 22, 25ಕ್ಕೆ 21.

80ನ್ನು 30ರಿಂದ ಭಾಗಿಸಿದರೆ 2.667. 45ನ್ನು 15ರಿಂದ ಭಾಗಿಸಿದರೆ 3. ಎರಡನ್ನೂ ಗುಣಿಸಿದರೆ ಸರಿಯಾಗಿ 8 ಬರುತ್ತದೆ. ಇಷ್ಟು ಚೊಕ್ಕವಾದ ಸಂಖ್ಯೆ ಎಲ್ಲ ಗಾಡಿಗೂ ಸಿಗುವುದಿಲ್ಲ. ಇನ್ನು ಆಯಾ ಗೇರಿನ ಅನುಪಾತವನ್ನು 8ರಿಂದ ಗುಣಿಸಿದರೆ ಮುಗಿಯಿತು. ಉದಾಹರಣೆಗೆ 4ನೇ ಗೇರು: 24 ÷ 21 = 1.143, ಅದನ್ನು 8ರಿಂದ ಗುಣಿಸಿದರೆ 9.143. ಅಂದರೆ ಇಂಜಿನ್ ಒಂಬತ್ತು ಸುತ್ತಿಗೆ ಸ್ವಲ್ಪ ಜಾಸ್ತಿ ತಿರುಗಿದಾಗ ಹಿಂದಿನ ಚಕ್ರ ಒಂದು ಸುತ್ತು ಹಾಕುತ್ತದೆ.

ಟೈರನ್ನು ಅಳೆದೇ ನೋಡಿ

ಆ ಒಂದು ಸುತ್ತಿಗೆ ಗಾಡಿ ಎಷ್ಟು ದೂರ ಹೋಗುತ್ತದೆ ಅನ್ನುವುದು ಟೈರಿನ ಸುತ್ತಳತೆ. ಹಿಂದಿನ ಟೈರಿನ ಮೇಲೆ 150/60-17 ಅಂತ ಇದೆ. 17 ಇಂಚಿನ ರಿಮ್ ಅಂದರೆ 431.8 ಮಿ.ಮೀ. ಟೈರಿನ ಎತ್ತರ 150ರಲ್ಲಿ ಶೇ. 60, ಅಂದರೆ 90 ಮಿ.ಮೀ. ಮೇಲೆ ಕೆಳಗೆ ಸೇರಿ 180. ಒಟ್ಟು ವ್ಯಾಸ 611.8, ಸುತ್ತಳತೆ 1922 ಮಿ.ಮೀ.

ಇದು ಕಾಗದದ ಮೇಲಿನ ಲೆಕ್ಕ. ಗಾಡಿ ಮೇಲೆ ಆಳು ಕೂತಾಗ ಟೈರು ಸ್ವಲ್ಪ ಅದುಮಿಕೊಳ್ಳುತ್ತದೆ. ಸವೆದ ಟೈರಾದರೆ ಇನ್ನೂ ಸ್ವಲ್ಪ ಕಮ್ಮಿ. ಟೈರಿನ ಮೇಲಿನ ಗುಂಡಿ 4 ಮಿ.ಮೀ. ಸವೆದರೆ ಸುತ್ತಳತೆಯಲ್ಲಿ ಹೆಚ್ಚೂ ಕಮ್ಮಿ ಶೇ. 1.3 ಹೋಗುತ್ತದೆ. ಅದಕ್ಕೇ ನಾನು ಯಾವಾಗಲೂ ಅಳೆಯುತ್ತೇನೆ.

ಮೊದಲು ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಸರಿ ಮಾಡಿಸಿಕೊಂಡು ಬಂದೆವು. ಮನೆ ಮುಂದಿನ ಕಾಂಕ್ರೀಟ್ ರಸ್ತೆಯಲ್ಲಿ ಅವನನ್ನು ಗಾಡಿ ಮೇಲೆ ಕೂರಿಸಿದೆ. ಹಿಂದಿನ ಚಕ್ರದ ವಾಲ್ವ್ ಸರಿಯಾಗಿ ನೆಲದ ಕಡೆಗೆ ಬಂದಾಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನ್ಯೂಟ್ರಲ್‌ನಲ್ಲಿ ನೇರವಾಗಿ ತಳ್ಳಿದೆ. ವಾಲ್ವ್ ಐದು ಸಲ ಕೆಳಗೆ ಬಂದ ಮೇಲೆ ಇನ್ನೊಂದು ಗೆರೆ. ಟೇಪು ಹಿಡಿದರೆ 9 ಮೀಟರ್ 40 ಸೆಂ.ಮೀ. ಐದರಿಂದ ಭಾಗಿಸಿದರೆ 1.88 ಮೀಟರ್. ಒಂದೇ ಸುತ್ತು ಅಳೆದರೆ ಗೆರೆ ಬೆರಳಗಲ ಆಚೀಚೆ ಆದರೂ ತಪ್ಪು ದೊಡ್ಡದಾಗುತ್ತದೆ. ಐದು ಸುತ್ತಿಗೆ ಆ ತಪ್ಪು ಹಂಚಿಹೋಗುತ್ತದೆ. ಎದುರು ಮನೆಯವರು ಗಾಡಿ ಕೆಟ್ಟಿದೆ ಅಂದುಕೊಂಡು ತಳ್ಳಲು ಬಂದರು, ಅದು ಬೇರೆ ವಿಷಯ.

ಈಗ ಸೂತ್ರ:

ವೇಗ (ಗಂಟೆಗೆ ಕಿ.ಮೀ.) = ಆರ್‌ಪಿಎಂ × ಸುತ್ತಳತೆ (ಮೀಟರ್) × 0.06 ÷ ಒಟ್ಟು ಅನುಪಾತ

0.06 ಎಲ್ಲಿಂದ ಬಂತು ಅಂದರೆ, ನಿಮಿಷವನ್ನು ಗಂಟೆ ಮಾಡಲು 60, ಮೀಟರನ್ನು ಕಿ.ಮೀ. ಮಾಡಲು 1000. ಪ್ರತಿ ಸಲ ಇಷ್ಟು ಲೆಕ್ಕ ಯಾರು ಹಾಕುತ್ತಾರೆ? 1000 ಆರ್‌ಪಿಎಂಗೆ ಎಷ್ಟು ಅಂತ ಒಂದು ಸಲ ಬರೆದಿಟ್ಟುಕೊಂಡರೆ ಸಾಕು. ಈ ಗಾಡಿಗೆ ಬಂದದ್ದು:

1ನೇ ಗೇರು: ಒಟ್ಟು 21.33, ಸಾವಿರಕ್ಕೆ 5.29 ಕಿ.ಮೀ.
2ನೇ ಗೇರು: ಒಟ್ಟು 14.86, ಸಾವಿರಕ್ಕೆ 7.59
3ನೇ ಗೇರು: ಒಟ್ಟು 11.37, ಸಾವಿರಕ್ಕೆ 9.92
4ನೇ ಗೇರು: ಒಟ್ಟು 9.14, ಸಾವಿರಕ್ಕೆ 12.34
5ನೇ ಗೇರು: ಒಟ್ಟು 7.65, ಸಾವಿರಕ್ಕೆ 14.74
6ನೇ ಗೇರು: ಒಟ್ಟು 6.72, ಸಾವಿರಕ್ಕೆ 16.79

4ನೇ ಗೇರಿನಲ್ಲಿ 6000 ಅಂದರೆ 74. 5ನೇ ಗೇರಿನಲ್ಲಿ 5000 ಅಂದರೂ 74ರ ಹತ್ತಿರ. ಹುಡುಗ ತಕ್ಷಣ 6ನೇ ಗೇರಿಗೆ 10,000 ಹಾಕಿ ನೋಡಿದ. 168! ಕಣ್ಣರಳಿಸಿದ. ಇದು ಇಂಜಿನ್ ಅಷ್ಟು ತಿರುಗಿದರೆ ಬರುವ ವೇಗ, ಗಾಳಿಯನ್ನು ಸೀಳಿಕೊಂಡು ಅಷ್ಟು ತಿರುಗುವ ಶಕ್ತಿ ಇದೆಯೋ ಇಲ್ಲವೋ ಅನ್ನುವುದನ್ನು ಈ ಟೇಬಲ್ ಹೇಳುವುದಿಲ್ಲ ಅಂತ ವಿವರಿಸಿದೆ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ.

ಬೇರೆ ಗಾಡಿಯವರು ನಿಮ್ಮ ಹಲ್ಲುಗಳನ್ನು ಹಾಕಿಕೊಳ್ಳಿ. ಕವಾಸಾಕಿ ನಿಂಜಾ 300 ಆದರೆ ಪ್ರೈಮರಿ 23ಕ್ಕೆ 71, ಸ್ಪ್ರಾಕೆಟ್ 14ಕ್ಕೆ 42, 6ನೇ ಗೇರು 28ಕ್ಕೆ 24. ಒಟ್ಟು 7.94. ಟೈರು 140/70-17, ಅದುಮಿಕೊಳ್ಳುವುದಕ್ಕೆ ಶೇ. 2 ಬಿಟ್ಟರೆ ಸಾವಿರಕ್ಕೆ 14.6 ಕಿ.ಮೀ. ಬರುತ್ತದೆ.

ಮೀಟರುಗಳನ್ನು ನಂಬುವ ಮೊದಲು

ಟೇಬಲ್ ಸಿದ್ಧವಾಯಿತು. ಆದರೆ ಆರ್‌ಪಿಎಂ ಮೀಟರೇ ಸುಳ್ಳು ಹೇಳುತ್ತಿದ್ದರೆ? ಅದು ಶೇ. 7 ಜಾಸ್ತಿ ತೋರಿಸಿದರೆ ಎಲ್ಲ ಗೇರಿನಲ್ಲೂ ಶೇ. 7 ಸ್ಪೀಡ್ ಕಮ್ಮಿ ಬಂದ ಹಾಗೆ ಕಾಣುತ್ತದೆ. ಸ್ಪ್ರಾಕೆಟ್ ಬದಲಾದಂತೆಯೇ ಇರುತ್ತದೆ. ಹಾಗಾಗಿ ಇದನ್ನು ಮೊದಲೇ ಪಕ್ಕಕ್ಕಿಡಬೇಕು.

ಅದಕ್ಕೆ ನನಗೆ ಇಷ್ಟವಾದ ಉಪಾಯ ಫೋನಿನದು. ಶಬ್ದದ ಸ್ಪೆಕ್ಟ್ರಮ್ (ಎಷ್ಟು ಹರ್ಟ್ಜ್‌ನಲ್ಲಿ ಎಷ್ಟು ಶಬ್ದ ಅನ್ನುವ ಚಿತ್ರ) ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಇದು ಒಂದು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಇಂಜಿನ್. ಎರಡು ಸುತ್ತಿಗೆ ಒಂದು ಸಲ ಪೆಟ್ರೋಲ್ ಉರಿಯುತ್ತದೆ. ನಿಮಿಷಕ್ಕೆ 6000 ಸುತ್ತು ಅಂದರೆ 3000 ಸಲ, ಸೆಕೆಂಡಿಗೆ 50 ಸಲ. ಅಂದರೆ 50 ಹರ್ಟ್ಜ್. ಆರ್‌ಪಿಎಂ ಬೇಕಾದರೆ ಹರ್ಟ್ಜನ್ನು 120ರಿಂದ ಗುಣಿಸಿ, ಅಷ್ಟೇ.

ಇಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ 6000ಕ್ಕೆ ಹಿಡಿ ಅಂದೆ. ಸೈಲೆನ್ಸರಿನಿಂದ ಎರಡು ಮಾರು ದೂರ ಫೋನ್ ಹಿಡಿದೆ. ಸಾಲಾಗಿ ಶಿಖರಗಳು ಎದ್ದವು: 50ರ ಹತ್ತಿರ, 100ರ ಹತ್ತಿರ, 150ರ ಹತ್ತಿರ. ಎತ್ತರದ ಶಿಖರ ಯಾವುದು ಅಂತ ನೋಡಬೇಡಿ, ಶಿಖರಗಳ ನಡುವಿನ ಅಂತರ ನೋಡಿ. ನಮಗೆ ಸಿಕ್ಕಿದ್ದು 49.6. ಗುಣಿಸಿದರೆ 5952. ಆರ್‌ಪಿಎಂ ಮೀಟರ್ ಸರಿಯಾಗಿದೆ. ಈ ಗಾಡಿಯಲ್ಲಿ ಮುಳ್ಳಿಲ್ಲ, ಓಡುವ ಬಾರ್ ಇದೆ. ಮಧ್ಯದ ಸಂಖ್ಯೆಗಳನ್ನು ಓದುವುದು ಕಷ್ಟ. ಆದಷ್ಟು 5000, 6000 ಅಂತ ಪೂರ್ತಿ ಸಾವಿರದ ಗೆರೆಯಲ್ಲೇ ಟೆಸ್ಟ್ ಮಾಡಿದರೆ ಒಳ್ಳೆಯದು.

ನಿಜವಾದ ವೇಗಕ್ಕೆ ಜಿಪಿಎಸ್. ನೇರ ರಸ್ತೆ, ತೆರೆದ ಆಕಾಶ, ಹತ್ತು ಸೆಕೆಂಡ್ ಒಂದೇ ವೇಗ. ಹೀಗಿದ್ದರೆ ಫೋನಿನ ಜಿಪಿಎಸ್ ಒಂದು ಕಿ.ಮೀ. ಆಚೀಚೆ ಸರಿಯಾಗಿ ಹೇಳುತ್ತದೆ. ಜಾಗ ಹುಡುಕಿಕೊಳ್ಳಿ, ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹೋಗಬೇಡಿ. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ರಸ್ತೆಯಲ್ಲಿ ಬೈಕುಗಳಿಗೆ ಪ್ರವೇಶ ಇಲ್ಲ. ಈ ಟೆಸ್ಟಿಗೆ 80 ದಾಟುವ ಅಗತ್ಯವೂ ಇಲ್ಲ.

ಮೋಸ ಹೋಗುವ ಜಾಗ

ಸಿರಾ ಕಡೆಗೆ ಹೋಗುವ ಹೈವೇಗೆ ಬೆಳಗ್ಗೆ ಆರೂವರೆಗೆ ಹೊರಟೆವು. ಹುಡುಗ ಓಡಿಸುವವನು, ನಾನು ಹಿಂದೆ ಫೋನ್ ಹಿಡಿದು ವಿಡಿಯೋ ಮಾಡುವವನು. ಸ್ಪೋರ್ಟ್ ಬೈಕಿನ ಹಿಂದಿನ ಸೀಟಿನಲ್ಲಿ ನಲವತ್ತೈದು ದಾಟಿದವರು ಕೂರಬಾರದು ಅನ್ನುವುದು ಆ ದಿನ ಗೊತ್ತಾಯಿತು.

ಮೊದಲ ಓಟ ಮುಗಿಸಿ ಟೀ ಅಂಗಡಿ ಹತ್ತಿರ ನಿಲ್ಲಿಸಿ ಅವನೇ ಹೇಳಿದ. "ಮಾಮಾ, ಎಲ್ಲ ಕರೆಕ್ಟಾಗಿದೆ. 4ನೇ ಗೇರ್ 6000ಕ್ಕೆ 74 ತೋರಿಸ್ತು. 5ನೇ ಗೇರ್ 5000ಕ್ಕೂ 74. ನಿಮ್ಮ ಟೇಬಲ್ಲೂ ಅದೇ ಅಲ್ವಾ?"

ಅವನು ನೋಡಿದ್ದು ಸ್ಪೀಡೋಮೀಟರ್. ನಾನು ವಿಡಿಯೋ ತಿರುಗಿಸಿ ತೋರಿಸಿದೆ. ಅದೇ ಹೊತ್ತಿಗೆ ಜಿಪಿಎಸ್ ತೋರಿಸಿದ್ದು 69. ಎರಡು ಸಲವೂ 69. 2ನೇ ಗೇರಿನಲ್ಲಿ 6000ಕ್ಕೆ ಟೇಬಲ್ ಹೇಳುವುದು ನಲವತ್ತೈದೂವರೆ, ಸ್ಪೀಡೋ ಹೇಳಿದ್ದು 45, ಜಿಪಿಎಸ್ 42, 43.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಹೊಸ ಗಾಡಿಯ ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸುತ್ತದೆ. ಅದು ದೋಷ ಅಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋ ನಿಜಕ್ಕಿಂತ ಕಮ್ಮಿ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು, ನಿಜವಾದ ವೇಗದ ಶೇ. 10, ಅದರ ಮೇಲೆ 4 ಕಿ.ಮೀ. ತನಕ. 70ರಲ್ಲಿ ಹೋಗುವಾಗ 81 ತೋರಿಸಿದರೂ ನಿಯಮದ ಒಳಗೇ. ಹಾಗಾಗಿ 69ಕ್ಕೆ 74 ತೋರಿಸುವುದು ಮಾಮೂಲಿ.

ಇನ್ನೊಂದು ಕಡೆ ಗಾಡಿ ನಿಜಕ್ಕೂ ಟೇಬಲ್‌ಗಿಂತ ಶೇ. 7 ಹಿಂದೆ ಬಿದ್ದಿತ್ತು. ಸ್ಪೀಡೋ ಅಷ್ಟೇ ಶೇ. 7 ಜಾಸ್ತಿ ಹೇಳುತ್ತಿತ್ತು. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿ, ನೋಡುವವರಿಗೆ ಎಲ್ಲ ಸರಿ ಕಂಡಿತು. ಟೇಬಲನ್ನು ಸ್ಪೀಡೋ ಜೊತೆ ಹೋಲಿಸಲೇಬೇಡಿ. ಜಿಪಿಎಸ್ ಜೊತೆ ಮಾತ್ರ ಹೋಲಿಸಿ.

69ನ್ನು 74ರಿಂದ ಭಾಗಿಸಿದರೆ 0.93. 2ನೇ ಗೇರಿನಲ್ಲೂ ಅದೇ 0.93. ಎಲ್ಲ ಗೇರಿನಲ್ಲೂ ಒಂದೇ, ಸಮವೇಗದಲ್ಲೂ ಇದೆ. ಗೇರ್‌ಬಾಕ್ಸಿನ ಒಳಗಿನ ಹಲ್ಲು ಯಾರೂ ಬದಲಾಯಿಸುವುದಿಲ್ಲ. ಟೈರು ನಾವೇ ಅಳೆದಿದ್ದೇವೆ. ಉಳಿದದ್ದು ಸ್ಪ್ರಾಕೆಟ್. 14ನ್ನು 15ರಿಂದ ಭಾಗಿಸಿದರೆ 0.933. ಮುಂದೆ 15ರ ಬದಲು 14 ಹಾಕಿರಬೇಕು. ಆದರೆ ಹಿಂದೆ 45ರ ಬದಲು 48 ಹಾಕಿದ್ದರೂ 0.9375 ಬರುತ್ತದೆ. ಇವೆರಡನ್ನು ಜಿಪಿಎಸ್‌ನಿಂದ ಬೇರೆ ಮಾಡಲು ಆಗುವುದಿಲ್ಲ, ವ್ಯತ್ಯಾಸ ಅರ್ಧ ಕಿ.ಮೀ. ಕೂಡ ಇಲ್ಲ. ಲೆಕ್ಕ ಎಲ್ಲಿ ನೋಡಬೇಕು ಅಂತ ಹೇಳಿತು, ನೋಡಬೇಕಾದವರು ನಾವೇ.

ಮನೆಗೆ ಬಂದು ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿದೆವು. ಚೈನಿನ ಗ್ರೀಸು, ಮಣ್ಣು ಸೇರಿ ಕಪ್ಪು ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ಉಜ್ಜಿದ ಮೇಲೆ ಉಕ್ಕಿನ ಮೇಲೆ ಒತ್ತಿದ 14 ಕಾಣಿಸಿತು. ಹುಡುಗ ನಂಬದೆ ಬೆರಳಿಟ್ಟು ಒಂದೊಂದೇ ಹಲ್ಲು ಎಣಿಸಿದ. ಹದಿನಾಲ್ಕೇ. ಹಳೆ ಓನರಿಗೆ ಫೋನ್ ಹಚ್ಚಿದರೆ, "ಪಿಕಪ್‌ಗೆ ಅಂತ ಹಾಕ್ಸಿದ್ದೆ ಬ್ರೋ, ಹೇಳೋಕೆ ಮರೆತೆ" ಅಂದರು.

ಒಂದು ಹಲ್ಲು ಕಮ್ಮಿ ಹಾಕಿದರೆ ಎಳೆತ ಜಾಸ್ತಿ ಆಗುವುದು ನಿಜ. ಬದಲಿಗೆ ಅದೇ ವೇಗಕ್ಕೆ ಇಂಜಿನ್ ಶೇ. 7 ಜಾಸ್ತಿ ತಿರುಗುತ್ತದೆ. ಕೂಗುವುದಕ್ಕೆ ಕಾರಣ ಸಿಕ್ಕಿತು.

ಸ್ಪೀಡೋ ಎಲ್ಲಿಂದ ಲೆಕ್ಕ ತೆಗೆದುಕೊಳ್ಳುತ್ತದೆ?

ಸ್ಪ್ರಾಕೆಟ್ ಬದಲಾದರೂ ಈ ಗಾಡಿಯ ಸ್ಪೀಡೋ ಕೆಡಲಿಲ್ಲ, ಯಾಕೆಂದರೆ ಅದು ಮುಂದಿನ ಚಕ್ರದಿಂದ ಲೆಕ್ಕ ತಗೊಳ್ಳುತ್ತದೆ. ಕೆಲವು ಬೈಕುಗಳಲ್ಲಿ ಸೆನ್ಸರ್ ಗೇರ್‌ಬಾಕ್ಸಿನ ಹೊರಬರುವ ಶಾಫ್ಟಿನ ಹತ್ತಿರ ಇರುತ್ತದೆ. ಅಲ್ಲಿ ಸ್ಪ್ರಾಕೆಟ್ ಬದಲಾಯಿಸಿದರೆ ಸ್ಪೀಡೋಮೀಟರ್, ಒಟ್ಟು ಓಡಿದ ದೂರ ತೋರಿಸುವ ಓಡೋಮೀಟರ್ ಎರಡೂ ತಪ್ಪುತ್ತವೆ. ನಿಮ್ಮದು ಯಾವ ಜಾತಿ ಅಂತ ತಿಳಿಯಲು ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರ ಎತ್ತಿ, ಸ್ಟಾರ್ಟ್ ಮಾಡಿ, ಮೊದಲ ಗೇರ್ ಹಾಕಿ ಐಡಲ್‌ನಲ್ಲಿ ಬಿಡಿ. ಹಿಂದಿನ ಚಕ್ರ ತಿರುಗುತ್ತಿದ್ದರೂ ಸ್ಪೀಡೋ 0 ತೋರಿಸಿದರೆ ಸೆನ್ಸರ್ ಮುಂದೆ. ಸ್ಪೀಡ್ ತೋರಿಸಿದರೆ ಹಿಂದೆ ಅಥವಾ ಗೇರ್‌ಬಾಕ್ಸಲ್ಲಿ. ಎಬಿಎಸ್ ಲೈಟ್ ಹತ್ತಿಕೊಂಡರೆ ಗಾಬರಿ ಬೇಡ. ಒಂದು ಚಕ್ರ ಮಾತ್ರ ತಿರುಗಿದ್ದಕ್ಕೆ ಅದು ಗೊಂದಲಕ್ಕೆ ಬಿದ್ದಿರುತ್ತದೆ. ಆಫ್ ಮಾಡಿ ಮತ್ತೆ ಆನ್ ಮಾಡಿ ಸ್ವಲ್ಪ ದೂರ ಓಡಿಸಿದರೆ ಹೋಗುತ್ತದೆ. ಚಕ್ರದ ಹತ್ತಿರ ಕೈ, ಬಟ್ಟೆ ತರಬೇಡಿ. ತಿರುಗುವ ಚೈನಿಗೆ ಬೆರಳು ಕೊಟ್ಟವರನ್ನು ನೋಡಿದ್ದೇನೆ.

"ಓಡಲ್ಲ" ಅನ್ನುವ ಅರ್ಧ

ಕೂಗುವುದು ಅರ್ಥವಾಯಿತು. ಆದರೆ 14 ಹಲ್ಲು ಹಾಕಿದ ಗಾಡಿ ಇನ್ನೂ ಚುರುಕಾಗಿರಬೇಕಲ್ಲವೇ? ಓಡಲ್ಲ ಅಂದರೆ ಏನೋ ಬೇರೆ ಇದೆ.

ಮೊದಲು ಟೇಬಲ್ ಪೂರ್ತಿ 0.933ರಿಂದ ಗುಣಿಸಿ ಹೊಸದು ಮಾಡಿಕೊಂಡೆ. 5ನೇ ಗೇರು ಸಾವಿರಕ್ಕೆ 13.76. ಸಮವೇಗದಲ್ಲಿ 5000ಕ್ಕೆ 69, ಜಿಪಿಎಸ್‌ಗೆ ಸರಿಹೊಂದಿತು. ಈಗ ಕ್ಲಚ್ ಟೆಸ್ಟ್.

ಈ ಟೆಸ್ಟನ್ನು ಮೇಲಿನ ಗೇರಿನಲ್ಲೇ ಮಾಡಬೇಕು, ಸಾಧ್ಯವಾದರೆ ಏರಿನಲ್ಲಿ. 1ನೇ, 2ನೇ ಗೇರಿನಲ್ಲಿ ಗಾಡಿ ಹಗುರಾಗಿ ಮುಂದೆ ನುಗ್ಗಿಬಿಡುತ್ತದೆ, ರೆವ್ (ಆರ್‌ಪಿಎಂ) ಏರಿದ್ದು ವೇಗ ಬಂದಿದ್ದಕ್ಕೋ ಜಾರಿದ್ದಕ್ಕೋ ತಿಳಿಯುವುದಿಲ್ಲ. ಹೈವೇಯ ಒಂದು ಫ್ಲೈಓವರ್ ಏರು ಹಿಡಿದೆವು. ಹಿಂದೆ ಮುಂದೆ ಗಾಡಿ ಇಲ್ಲದ್ದು ನೋಡಿ, 5ನೇ ಗೇರಿನಲ್ಲಿ 60ರ ಆಸುಪಾಸಿನಿಂದ ಪೂರ್ತಿ ಎಕ್ಸಲರೇಟರ್ ಕೊಡಲು ಹೇಳಿದೆ. ಹಿಂದೆ ನನ್ನ ಭಾರವೂ ಇತ್ತು, ಟೆಸ್ಟಿಗೆ ಅದು ಅನುಕೂಲವೇ.

ವಿಡಿಯೋ ನಿಧಾನ ಮಾಡಿ ನೋಡಿದೆವು. ಬಾರ್ 5500 ಮುಟ್ಟಿದಾಗ ಜಿಪಿಎಸ್ 66. ಟೇಬಲ್ ಪ್ರಕಾರ 75 ಮುಕ್ಕಾಲು ಇರಬೇಕಿತ್ತು. ಹತ್ತು ಕಿ.ಮೀ. ಎಲ್ಲಿ ಹೋಯಿತು? ಫೋನಿನ ಜಿಪಿಎಸ್ ಸುಮಾರು ಒಂದು ಸೆಕೆಂಡ್ ತಡವಾಗಿ ತೋರಿಸುತ್ತದೆ. ವೇಗ ಏರುತ್ತಿರುವಾಗ ಅದರಿಂದ ಎರಡು ಮೂರು ಕಿ.ಮೀ. ಕಮ್ಮಿ ಕಾಣಬಹುದು. ಹತ್ತು ಕಾಣುವುದಿಲ್ಲ.

ಅನುಮಾನ ಪೂರ್ತಿ ಹೋದದ್ದು ಮುಂದಿನ ಕ್ಷಣದಲ್ಲಿ. ಅವನು ಎಕ್ಸಲರೇಟರ್ ಸ್ವಲ್ಪ ಬಿಟ್ಟ. ಬಾರ್ ಒಂದೇ ಸಲಕ್ಕೆ 5500ರಿಂದ 4800ರ ಹತ್ತಿರ ಕುಸಿಯಿತು. ಜಿಪಿಎಸ್ ಮಾತ್ರ 66ರಲ್ಲೇ ನಿಂತಿತ್ತು. 66ನ್ನು 13.76ರಿಂದ ಭಾಗಿಸಿ ನೋಡಿ: 4800. ಭಾರ ಇಳಿದ ತಕ್ಷಣ ಪ್ಲೇಟುಗಳು ಮತ್ತೆ ಕಚ್ಚಿಕೊಂಡವು, ಲೆಕ್ಕ ಸರಿಹೋಯಿತು. ಗಾಡಿ ವೇಗ ಬದಲಾಗದೆ ಇಂಜಿನ್ ಮಾತ್ರ ಇಳಿದರೆ ಅದು ಕ್ಲಚ್ ಜಾರಿದ್ದೇ.

(ಒದ್ದೆ ರಸ್ತೆಯಲ್ಲೋ ಮರಳಿನ ಮೇಲೋ ಹಿಂದಿನ ಚಕ್ರವೇ ಜಾರಿದರೂ ಇದೇ ರೀತಿ ಕಾಣುತ್ತದೆ. ಒಣ ರಸ್ತೆಯಲ್ಲಿ ಮಾಡಿ.)

ಸರಿಪಡಿಸಿದ ಕ್ರಮ

ಅಗ್ಗದ್ದರಿಂದ ಶುರು. ಕ್ಲಚ್ ಲಿವರ್ ಮುಟ್ಟಿದರೆ ಸಡಿಲವೇ ಇರಲಿಲ್ಲ, ಕೇಬಲ್ ತಂತಿ ಬಿಗಿದ ಹಾಗೆ ಇತ್ತು. ಹಾಗಿದ್ದರೆ ಲಿವರ್ ಒತ್ತದಿದ್ದರೂ ಕ್ಲಚ್ ಸ್ವಲ್ಪ ಬಿಟ್ಟುಕೊಂಡೇ ಇರುತ್ತದೆ. ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಸಡಿಲ ಬಿಟ್ಟೆವು. ಮತ್ತೆ ಅದೇ ಏರು, ಅದೇ ಗೇರು: 5500ಕ್ಕೆ 70. ಸುಧಾರಿಸಿತು, ಮುಗಿಯಲಿಲ್ಲ.

ಎರಡನೆಯದು ಆಯಿಲ್. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲ್‌ಗಳಲ್ಲಿ ಮೈಲೇಜಿಗೆ ಅಂತ ಘರ್ಷಣೆ ಕಮ್ಮಿ ಮಾಡುವ ಪದಾರ್ಥ ಇರುತ್ತದೆ. ಅದು ಕ್ಲಚ್ ಪ್ಲೇಟನ್ನೂ ಜಾರಿಸುತ್ತದೆ. ಡಬ್ಬಿಯ ಹಿಂದೆ ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಬೇಕು. ಎಂಬಿ ಅಂತ ಇದ್ದರೆ ಅದು ಸ್ಕೂಟರಿನಂಥ ಒಣ ಕ್ಲಚ್ಚಿನ ಗಾಡಿಗೆ. ಹಳೆ ಓನರಿಗೆ ಮತ್ತೆ ಫೋನ್. "ಕಾರಿಗೆ ತಂದಿದ್ದು ಉಳಿದಿತ್ತು, ಅದೇ ಗ್ರೇಡು ಅಲ್ವಾ ಅಂತ ಹಾಕ್ದೆ." ಗ್ರೇಡು ದಪ್ಪ ಎಷ್ಟು ಅಂತ ಹೇಳುತ್ತದೆ, ಕ್ಲಚ್ಚಿಗೆ ಆಗುತ್ತದೋ ಇಲ್ಲವೋ ಅಂತ ಹೇಳುವುದಿಲ್ಲ. ಫಿಲ್ಟರ್ ಸಮೇತ ಬದಲಾಯಿಸಿ, ಸ್ವಲ್ಪ ದಿನ ಓಡಿಸಿ, ಇನ್ನೊಂದು ಸಲ ಬದಲಾಯಿಸಿದೆವು. 5500ಕ್ಕೆ 71. ಒಂದು ಸಲ ಸುಟ್ಟ ಪ್ಲೇಟು ಒಳ್ಳೆಯ ಆಯಿಲ್ ಕುಡಿಸಿದರೆ ಹೊಸದಾಗುವುದಿಲ್ಲ.

ಕ್ಲಚ್ ಕವರ್ ಬಿಚ್ಚಿದಾಗ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಫ್ರಿಕ್ಷನ್ ಪ್ಲೇಟುಗಳ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಸ್ಟೀಲ್ ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ಸೊಟ್ಟಗಾಗಿವೆಯಾ ಅಂತ ನೋಡಿದೆವು, ಸರಿ ಇದ್ದವು. ಸ್ಪ್ರಿಂಗುಗಳ ಉದ್ದ ಮ್ಯಾನುಯಲ್‌ಗೆ ಹೊಂದಿತು. ಫ್ರಿಕ್ಷನ್ ಪ್ಲೇಟ್ ಸೆಟ್, ಕವರ್ ಗ್ಯಾಸ್ಕೆಟ್ ಮಾತ್ರ ಹೊಸದು. ಪ್ಲೇಟುಗಳನ್ನು ಹಾಕುವ ಮೊದಲು ಆಯಿಲ್‌ನಲ್ಲಿ ನೆನೆಸಿಟ್ಟಿದ್ದೆವು. ಅದೇ ಏರಿನಲ್ಲಿ 5500ಕ್ಕೆ 75 ಬಂತು.

ನಮ್ಮ ಗಾಡಿಯಲ್ಲಿ ಇಲ್ಲದಿದ್ದರೂ ನಿಮಗೆ ಎದುರಾಗಬಹುದಾದ್ದು

ಒಂದೇ ಗೇರಿನಲ್ಲಿ ಲೆಕ್ಕ ತಪ್ಪಿದರೆ ಗಾಡಿಯಲ್ಲಿ ದೋಷ ಹುಡುಕಬೇಡಿ, ನೀವು ಅಂದುಕೊಂಡ ಗೇರಿನಲ್ಲಿ ಇರಲಿಲ್ಲ ಅಷ್ಟೇ. ಜಿಪಿಎಸ್ ವೇಗವನ್ನು ಸಾವಿರದ ಲೆಕ್ಕದ ಆರ್‌ಪಿಎಂನಿಂದ ಭಾಗಿಸಿ. 10ರ ಹತ್ತಿರ ಬಂದರೆ ಅದು 3ನೇ ಗೇರು. ಮೀಟರಿನಲ್ಲಿ 4 ಅಂತ ತೋರಿಸುತ್ತಿದ್ದರೆ ಗೇರ್ ತೋರಿಸುವ ಸೆನ್ಸರನ್ನು ನೋಡಿ.

ಸ್ಪೀಡೋ ಕುಣಿಯುತ್ತಿದ್ದರೆ, 60, 0, 58 ಅಂತ, ಅದು ಸೆನ್ಸರಿನ ಕೊಳೆ, ಸಡಿಲ ವೈರು, ಇಲ್ಲವೇ ಸೆನ್ಸರ್ ಮತ್ತು ಚಕ್ರದ ಜೊತೆ ತಿರುಗುವ ರಿಂಗಿನ ನಡುವಿನ ಅಂತರ. ಹಲ್ಲಿಗೂ ಇದಕ್ಕೂ ಸಂಬಂಧ ಇಲ್ಲ.

ಟೈರ್ ಅಳತೆ ಬದಲಾಯಿಸಿದವರು ಹೆಸರು ನೋಡಿ ಮೋಸ ಹೋಗುತ್ತಾರೆ. 150/60ರ ಬದಲು 140/70 ಹಾಕಿದರೆ ಸಣ್ಣ ಟೈರು ಹಾಕಿದ ಹಾಗೆ ಅನ್ನಿಸುತ್ತದೆ. ಅಗಲ ಕಮ್ಮಿ, ಎತ್ತರ ಜಾಸ್ತಿ. ಸುತ್ತಳತೆ ಶೇ. 2.6 ದೊಡ್ಡದಾಗುತ್ತದೆ, ಅದೇ ಆರ್‌ಪಿಎಂಗೆ ವೇಗವೂ ಅಷ್ಟು ಏರುತ್ತದೆ.

ತಿರುವಿನಲ್ಲಿ ಟೆಸ್ಟ್ ಮಾಡಲೇಬೇಡಿ. ಬೈಕು ವಾಲಿದಾಗ ಟೈರಿನ ಅಂಚು ರಸ್ತೆಗೆ ತಾಗುತ್ತದೆ. ಅಂಚಿನಲ್ಲಿ ಸುತ್ತಳತೆ ಕಮ್ಮಿ. ಚೆನ್ನಾಗಿ ವಾಲಿಸಿದರೆ ಶೇ. 5, 6ರಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಕ್ಲಚ್ ಜಾರಿದ ಹಾಗೇ ರೆವ್ ಏರಿರುತ್ತದೆ, ಆದರೆ ಏನೂ ಜಾರಿರುವುದಿಲ್ಲ.

ಕೊನೆಗೆ ಮುಂದಿನ ಸ್ಪ್ರಾಕೆಟ್ಟನ್ನು 15ಕ್ಕೆ ವಾಪಸ್ ತಂದೆವು, ಚೈನು ಅಡ್ಜಸ್ಟ್ ಮಾಡಿದೆವು. ಅದೇ ಹೈವೇ, 4ನೇ ಗೇರು, 6000. ಜಿಪಿಎಸ್ 74, ಟೇಬಲ್ 74. ನನಗೆ ಖುಷಿಯೋ ಖುಷಿ. ಟೀ ಅಂಗಡಿ ಹತ್ತಿರ ಇಳಿದ ಹುಡುಗನ ಮುಖ ಮಾತ್ರ ಸಪ್ಪಗಿತ್ತು.

"ಏನೋ?"

"ಮೊದ್ಲು ಟೇಬಲ್ಲಿಗೆ ಸರಿಯಾಗಿ ಬರ್ತಿತ್ತು ಮಾಮಾ. ಈಗ 79 ತೋರಿಸ್ತಿದೆ. ನಾವು ಸ್ಪೀಡೋ ಹಾಳು ಮಾಡಿಬಿಟ್ವಾ?"